ಕೋಮಲಳನ್ನು ಯಾರೂ ಕೇಳಲಿಲ್ಲ

ಸಿಂದಗಿಯ ಸಭಾಂಗಣದಲ್ಲಿ ನಾಲ್ಕು ತಾಲೂಕುಗಳ ದಾದಿಯರು ಬೆಳಗಿನಿಂದ ಕುಳಿತಿದ್ದರು. ಅವರೆಲ್ಲರ ಮೊಬೈಲುಗಳನ್ನು ವ್ಯವಸ್ಥಾಪಕ ಸಿದ್ಧರಾಮ ಬಾಗಿಲಲ್ಲಿಯೇ ಬುಟ್ಟಿಗೆ ಹಾಕಿಸಿಕೊಂಡಿದ್ದ. ಶಿಸ್ತಿಗಾಗಿ ಎಂದು ಹೇಳಿದ್ದ. ಆದರೆ ಆ ಶಿಸ್ತು ಅವನಿಗೆ ಅನ್ವಯಿಸುತ್ತಿರಲಿಲ್ಲ. ಪಾಠದ ನಡುವೆ ತನ್ನ ಮೊಬೈಲಿನಲ್ಲಿ ಫೋಟೊ ತೆಗೆಯುವವನೊಡನೆ ಗಟ್ಟಿಯಾಗಿಯೇ ಮಾತಾಡುತ್ತಿದ್ದ.

ವೈದ್ಯಕೀಯ ಉಪಕರಣಗಳಲ್ಲಿ ಬಳಸುವ ರಬ್ಬರು ಮತ್ತು ಪ್ಲಾಸ್ಟಿಕ್ಕಿನ ಕುರಿತು ಅಂದಿನ ತರಬೇತಿ. ಉಪನ್ಯಾಸಕಿ ಪ್ರಿಯದರ್ಶಿನಿ ಒಂದು ಕೈಗವಸನ್ನು ಎತ್ತಿ ಹಿಡಿದರು.

"ಇದು ಮರದ ಹಾಲಿನಿಂದಾದ ಲೇಟೆಕ್ಸ್. ಕೆಲವರ ದೇಹ ಇದನ್ನು ಸಹಿಸುವುದಿಲ್ಲ. ಅಂಥವರಿಗೆ ಬಲೂನು ಊದಿದರೆ ತುಟಿ ಬಾತೀತು, ಬಾಳೆಹಣ್ಣು ತಿಂದರೂ ಬಾಯಿ ತುರಿಸೀತು. ಅವರ ಹೊಟ್ಟೆ ಕೊಯ್ದು, ಈ ಕೈಗವಸಿನ ಕೈಯನ್ನು ಒಳಗಿಟ್ಟರೆ..."

"ಮೇಡಂ, ಮುಂದಿಂದು ತಗೋರಿ. ಫೋಟೊದವ ಬಂದಾನ," ಎಂದ ಸಿದ್ಧರಾಮ.

ಪ್ರಾಣಕ್ಕೆ ಸಂಬಂಧಿಸಿದ ಮಾತನ್ನು ಒಂದು ಚಿತ್ರಕ್ಕಾಗಿ ಅರ್ಧದಲ್ಲಿ ತಡೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ತಡೆದಾಗ ಸುಮ್ಮನಿರುವವರು ಅದಕ್ಕಿಂತ ಹೆಚ್ಚು. ಅಂದು ದಾದಿ ರೇಣುಕಾ ಸುಮ್ಮನಿರಲಿಲ್ಲ. ಎರಡನೆಯ ಸಾಲಿನಲ್ಲಿ ಎದ್ದು ನಿಂತಳು.

"ಇಟ್ರ ಏನಾಗ್ತೈತ್ರಿ ಮೇಡಂ?"

"ರಕ್ತದೊತ್ತಡ ಕುಸಿಯಬಹುದು, ಉಸಿರು ಕಟ್ಟಬಹುದು. ಮೊದಲೇ ತಿಳಿದರೆ ಮರದ ಹಾಲಿಲ್ಲದ ನೀಲಿ ನೈಟ್ರೈಲ್ ಕೈಗವಸು ಹಾಕಿಕೊಳ್ಳುತ್ತಾರೆ, ಮೂತ್ರಕ್ಕೆ ಸಿಲಿಕೋನಿನ ನಳಿಕೆ ಬಳಸುತ್ತಾರೆ. ವೈದ್ಯರಿಗೆ ಯಾರಾದರೂ ಹೇಳಬೇಕು, ಅಷ್ಟೆ."

ರೇಣುಕಾಳ ತಮ್ಮ ಅನಿಲಕುಮಾರನ ಹೆಂಡತಿ ಕೋಮಲ ಇಂಡಿ ಪಟ್ಟಣದ ಖಾಸಗಿ ಆಸ್ಪತ್ರೆಯೊಂದರಲ್ಲಿದ್ದಳು. ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿತ್ತು. ಊಟದ ಹೊತ್ತು ಕಳೆಯುತ್ತಲೇ ಆಪರೇಷನ್ ಎಂದು ಗೊತ್ತಾಗಿತ್ತು. ಆ ಹೊತ್ತು ಇದೇ.

ಅಗರಖೇಡದ ತವರುಮನೆಯಲ್ಲಿ ನಡೆದ ಕೋಮಲಳ ಕುಬಸದ, ಎಂದರೆ ಸೀಮಂತದ, ಕಾರ್ಯ ಅವಳಿಗೆ ನೆನಪಾಯಿತು. ಉಡಿ ತುಂಬಿದ ಮೇಲೆ ತಾಯಿ ಶೆಟ್ಟೆವ್ವ ಬಾಳೆಹಣ್ಣು ಸುಲಿದು ಸೊಸೆಯ ಬಾಯಿಗೆ ಹಿಡಿದಿದ್ದಳು. "ಬ್ಯಾಡ್ರಿ ಅತ್ತಿ, ತುಟಿ ಬಾಯ್ತಾವು," ಎಂದು ಕೋಮಲ ಮುಖ ತಿರುಗಿಸಿದ್ದಳು. "ಸಾಲಿ ಕಲಿಸಾಕಿ ಅಲ್ಲೇನು, ಹಣ್ಣೂ ರುಚಿ ಹತ್ತಂಗಿಲ್ಲ!" ಎಂದಿದ್ದಳು ಶೆಟ್ಟೆವ್ವ. ನೆರೆದ ಹೆಂಗಸರು ನಕ್ಕರು. ಅತ್ತೆಯ ಮಾನಕ್ಕಾಗಿ ಕೋಮಲ ಒಂದು ತುತ್ತು ನುಂಗಿದಳು. ಸಂಜೆ ಅವಳ ತುಟಿ ಬಾತಿತ್ತು. ತಾನು ಕಲಿಸುವ ಶಾಲೆಯಲ್ಲಿ ಧ್ವಜವಂದನೆಯ ದಿನ ಮಕ್ಕಳಿಗೆ ಬಲೂನು ಊದಿಕೊಟ್ಟಾಗಲೂ ಹೀಗೆಯೇ ಆಗಿತ್ತೆಂದು ಅವಳೇ ಹೇಳಿದ್ದಳು. ಯಾರೂ ಕಿವಿಗೊಟ್ಟಿರಲಿಲ್ಲ.

ರೇಣುಕಾ ನೇರವಾಗಿ ಬುಟ್ಟಿಯ ಬಳಿಗೆ ನಡೆದಳು.

"ಸಿಸ್ಟರ್, ಫೋಟೊ ಆದಮ್ಯಾಲ ಕೊಡ್ತೇನಿ. ಎಲ್ಲಾರೂ ಹಿಂಗ ಎದ್ರ ತರಬೇತಿ ಹೆಂಗ ನಡೀತೈತ್ರಿ?"

"ತರಬೇತ್ಯಾಗ ಕಲತದ್ದಕ್ಕ ಎದ್ದೇನ್ರಿ ಸರ. ಬುಟ್ಟಿ ಬಿಡ್ರಿ."

ಹಿಂದಿನಿಂದ ಮುದ್ದೇಬಿಹಾಳದ ನಾಜಿಮಾ ಕೂಗಿದಳು: "ಕೊಡ್ರಿ ಸರ! ಫೋಟೊದಾಗ ಆಕಿ ಜಾಗಾಕ್ಕ ನೀವ ನಿಂದರ‍್ರಿ, ಸೀರಿ ನಾ ಕೊಡ್ತೇನಿ!"

ನಗೆಯ ನಡುವೆ ರೇಣುಕಾ ಮೊಬೈಲು ಎಳೆದುಕೊಂಡು ಹೊರಬಂದಳು. ಆಸ್ಪತ್ರೆಯ ನಂಬರು ಅವಳಲ್ಲಿರಲಿಲ್ಲ. ಅನಿಲಕುಮಾರನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಮತ್ತೆ ನಿಂತಿತು. ಕೊನೆಗೆ ಆಸ್ಪತ್ರೆಯಲ್ಲೇ ಇದ್ದ ತಾಯಿಗೆ ಮಾಡಿದಳು.

"ಯವ್ವಾ, ಕೋಮಲನ್ನ ಒಳಗ ಒಯ್ದಾರೇನು?"

"ಈಗ ಒಯ್ದ್ರು. ಅನಿಲ ಔಷಧ ತರಾಕ ಹೋಗ್ಯಾನ. ಯಾಕಬೇ?"

"ಬಾಗಿಲಾ ಬಡಿ. ಆಕಿಗೆ ಬಾಳಿಹಣ್ಣು ಆಗಂಗಿಲ್ಲ, ರಬ್ಬರ ಆಗಂಗಿಲ್ಲಂತ ಡಾಕ್ಟರಗ ಹೇಳು."

ಶೆಟ್ಟೆವ್ವನ ಧ್ವನಿ ತಗ್ಗಿತು.

"ಮುಂಜಾನಿ ಕೇಳಿದ್ರು, ಏನರ ಆಗಿಬರಂಗಿಲ್ಲೇನಂತ. ಏನಿಲ್ಲಂತ ನಾನ ಹೇಳೇನಿ."

ವೈದ್ಯರ ಪ್ರಶ್ನೆ ಇದ್ದದ್ದು ಕೋಮಲಳ ದೇಹದ ಕುರಿತು. ಉತ್ತರ ಕೊಟ್ಟದ್ದು ಅತ್ತೆ. ಕುಬಸದ ದಿನ ಬಾಯಿಬಿಟ್ಟು ನಗೆಪಾಟಲಾಗಿದ್ದವಳು ನೋವಿನಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಮನೆಯ ಹಿರಿತನವೆಂದರೆ ಇನ್ನೊಬ್ಬರ ದೇಹದ ಪರವಾಗಿ ಮಾತಾಡುವ ಅಧಿಕಾರವೆಂದು ತಿಳಿದವರಿಗೆ ಇದು ತಪ್ಪೆಂದೇ ತೋರುವುದಿಲ್ಲ.

"ಈಗ ಹೋಗಿ ಹೇಳು."

"ಒಳಗ ಕೊಯ್ಯಾಕತ್ತಾಗ ಬಾಗಿಲಾ ಬಡೀಬೇಕೇನ? ಅಪಶಕುನ ಆಗ್ತೈತಿ. ಒಂದ ಹಣ್ಣಿನ ಸಲುವಾಗಿ..."

"ಯವ್ವಾ! ಆಕಿ ಅವತ್ತ ಸೊಕ್ಕ ಮಾಡಿದ್ದಿಲ್ಲ. ಆಕಿ ಹೇಳಿದ್ದು ಖರೇ. ಉಸರ ನಿಂತ್ರ ನಿನ್ನ ಮಾನ ತಗೊಂಡು ಏನ ಮಾಡ್ತಿ?"

ಫೋನಿನಲ್ಲಿ ಚಪ್ಪಲಿಯ ಸಪ್ಪಳ ಮಾತ್ರ ಕೇಳಿತು. ಆಮೇಲೆ ಬಡಿತ; ಮೊದಲು ಮೆಲ್ಲಗೆ, ಬಳಿಕ ಮುಷ್ಟಿಯಿಂದ.

"ಡಾಕ್ಟರಪ್ಪಾ, ತಡೀರಿ! ನನ್ನ ಸೊಸಿಗೆ ಬಾಳಿಹಣ್ಣು ಆಗಂಗಿಲ್ರಿ, ತುಟಿ ಬಾಯ್ತಾವು. ಬಲೂನ ಊದಿದ್ರೂ ಬಾಯ್ತಾವು. ರಬ್ಬರ ಬ್ಯಾಡ್ರಿ. ಮುಂಜಾನಿ ನಾ ಸುಳ್ಳು ಹೇಳಿದ್ನಿರಿ."

ಬಾಗಿಲು ತೆರೆದುಕೊಂಡಿತು, ವೈದ್ಯರ ದನಿ ಹತ್ತಿರದಿಂದಲೇ ಕೇಳಿತು: "ಎಲ್ಲಾರೂ ಕೈ ತಗೀರಿ! ಇನ್ನೂ ಕೊಯ್ದಿಲ್ಲಮ್ಮಾ, ಹೇಳಿದ್ದು ಛಲೋ ಆತು. ಸಿಸ್ಟರ್, ನೀಲಿ ಗ್ಲೌಸ್ ತರ‍್ರಿ, ನಳಿಕೀನೂ ಬದಲ ಮಾಡ್ರಿ." ಬಾಗಿಲು ಮುಚ್ಚಿತು. ಕರೆ ಕಡಿಯಿತು.

ರೇಣುಕಾ ಅಂಗಳದ ಬೇವಿನ ಮರಕ್ಕೆ ಆತು ನಿಂತಳು. ಕೊಯ್ದಿರಲಿಲ್ಲ ನಿಜ, ಆದರೆ ಅದಕ್ಕೂ ಮೊದಲು ಆ ಕೈಗಳು ಕೋಮಲಳನ್ನು ಎಲ್ಲೆಲ್ಲಿ ಮುಟ್ಟಿದ್ದವೋ? ಒಳಗೆ ಸಾಲಾಗಿ ನಿಲ್ಲಿರೆಂದು ಸಿದ್ಧರಾಮ ಕೂಗುತ್ತಿದ್ದ. ಪ್ರಿಯದರ್ಶಿನಿ ಮಾತ್ರ ಸಾಲು ಬಿಟ್ಟು ಹೊರಬಂದು ಅವಳ ಪಕ್ಕದಲ್ಲಿ ನಿಂತರು.

ಬಹಳ ಹೊತ್ತಿನ ಮೇಲೆ ಫೋನು ಬಂದಾಗ ರೇಣುಕಾ ಮೊದಲ ರಿಂಗಿಗೇ ಕಿವಿಗೆ ಹಿಡಿದಳು.

"ಅಕ್ಕಾ, ಹೆಣ್ಣಾತು. ಇಬ್ರೂ ಆರಾಮ ಅದಾರ. ಕೋಮಲನ ಕೈಮ್ಯಾಲ ಒಂದೀಟು ದದ್ದು ಎದ್ದಾವು, ಸೂಜಿ ಕೊಟ್ಟಾರ," ಎಂದ ಅನಿಲಕುಮಾರ. ಹಿಂದೆಯೇ ಶೆಟ್ಟೆವ್ವ ಫೋನು ಕಸಿದುಕೊಂಡಳು.

"ಬೇ, ಆಕಿಗೆ ತಿನ್ನಾಕ ಏನೇನ ಕೊಡಬಾರದು? ನಿಮ್ಮ ಮೇಡಂನ ಕೇಳಿ ಹೇಳು. ನಾ ಎಲ್ಲಾ ಬಾಯಿಪಾಠ ಮಾಡ್ತೇನಿ."

ರೇಣುಕಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೇಡಂನ ಯಾಕ ಕೇಳ್ತಿ ಯವ್ವಾ? ಎಚ್ಚರಾದ ಮ್ಯಾಲ ಆಕಿನ್ನ ಕೇಳು."