ಬಿಸಿ ಹಾಲಿನ ಡಿಗ್ರಿ

ನಾನು ಒಂದು ಲ್ಯಾಕ್ಟೋಮೀಟರ್, ಹಾಲು ಪರೀಕ್ಷಿಸುವ ಗಾಜಿನ ಕಡ್ಡಿ. ಉದ್ದನೆಯ ಕತ್ತು, ಉಬ್ಬಿದ ಹೊಟ್ಟೆ, ತಳದಲ್ಲಿ ಸೀಸದ ಗುಂಡು. ನನ್ನನ್ನು ಊದಿ ಮಾಡಿದವನು ಕತ್ತಿನೊಳಗೆ ಗೆರೆಗಳ ಚೀಟಿ ಇಟ್ಟ. ಹಾಲು ಎಷ್ಟು ತಣ್ಣಗಿದ್ದಾಗ ಮುಳುಗಿಸಬೇಕು ಎಂಬುದೂ ಅದರಲ್ಲಿ ಸಣ್ಣಗೆ ಬರೆದಿತ್ತು. ಓದಲು ಯಾರಿಗೆ ಪುರುಸೊತ್ತು?

ಕೋಲಾರದ ಕಡೆಯ ಒಂದು ಹಳ್ಳಿಯ ಡೇರಿಗೆ ಬಂದೆ. ಕಾರ್ಯದರ್ಶಿ ಚೌಡರೆಡ್ಡಿ ಒಳ್ಳೆಯವನೇ, ಆದರೆ ನಿಯಮ ಎಂದರೆ ನಿಯಮ. ನನ್ನ ಗೆರೆಗಳಲ್ಲಿ ಇಪ್ಪತ್ತಾರು ಡಿಗ್ರಿ ಇಲ್ಲವೇ ಹೆಚ್ಚು ಬಂದರೆ ಹಾಲು ಸರಿ, ಬಾರದಿದ್ದರೆ ನೀರು ಬೆರೆಸಿದ್ದು. ಮೂರು ಸಲ ಸಿಕ್ಕಿಬಿದ್ದವರನ್ನು ಸಂಘದಿಂದ ತೆಗೆಯುತ್ತಿದ್ದರು. ನೀರು ಬೆರೆತರೆ ನಾನು ಮುಳುಗುತ್ತೇನೆ, ಕೆನೆ ತೆಗೆದರೆ ಮೇಲೇಳುತ್ತೇನೆ. ಹಾಗಾಗಿ ಕೆನೆ ತೆಗೆದು ಹದವಾಗಿ ನೀರು ಸುರಿದವರ ಹಾಲಿನಲ್ಲಿ ನಾನು ಇಪ್ಪತ್ತಾರರಲ್ಲೇ ಠೀವಿಯಿಂದ ನಿಲ್ಲುತ್ತಿದ್ದೆ. ನನಗೆ ನಾಚಿಕೆ, ರೆಡ್ಡಿಗೆ ಸಮಾಧಾನ.

ಪಿಳ್ಳಮ್ಮನ ಮನೆ ಡೇರಿಗೆ ಅಂಟಿಕೊಂಡೇ ಇತ್ತು. ಹೊಸದಾಗಿ ಹಸು ಕಟ್ಟಿದ್ದ ಅವಳು ಕರೆದ ಹಾಲನ್ನು ನೊರೆ ಇಳಿಯುವ ಮೊದಲೇ ತಂದುಬಿಡುತ್ತಿದ್ದಳು. ಬೆಚ್ಚನೆಯ ಹಾಲಿನಲ್ಲಿ ನಾನು ಹೆಚ್ಚು ಮುಳುಗುತ್ತೇನೆ, ಡಿಗ್ರಿ ಕಡಿಮೆ ಬರುತ್ತದೆ. ಅದು ನನ್ನ ಹುಟ್ಟುಗುಣ. ಇಪ್ಪತ್ತೈದು ತೋರಿಸಿದೆ.

“ನೀರು ಹಾಕಿದ್ದೀಯ ಪಿಳ್ಳಮ್ಮಕ್ಕ.”

“ನನ್ ಮಕ್ಕಳಾಣೆ ಇಲ್ಲಪ್ಪ.”

ಮರುದಿನವೂ ಅದೇ ಆಯಿತು.

ಮೂರನೆಯ ಬೆಳಿಗ್ಗೆ ಅವಳು ಹಸುವನ್ನೇ ಹೊಡೆದುಕೊಂಡು ಬಂದು, ಡೇರಿ ಬಾಗಿಲಲ್ಲಿ ಎಲ್ಲರೆದುರು ಹಾಲು ಕರೆದಳು. ರೆಡ್ಡಿ ನನ್ನನ್ನು ಮುಳುಗಿಸಿದ. ಮತ್ತೆ ಇಪ್ಪತ್ತೈದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಇವರು ಕಂಡದ್ದನ್ನು ಬಿಟ್ಟು ನನ್ನನ್ನೇ ನಂಬಿದರು.

“ನಾನೇನ್ ಮಾಡ್ಲಕ್ಕ, ಡಿಗ್ರಿ ಬರ್ತಿಲ್ಲ” ಎಂದು ರೆಡ್ಡಿ ಅವಳ ಹೆಸರು ಹೊಡೆದುಹಾಕಿದ.

“ಹಸೂನೇ ನೀರು ಜಾಸ್ತಿ ಕುಡಿದಿರ್ಬೇಕು!” ಸಾಲಿನಲ್ಲಿ ಯಾರೋ ನಕ್ಕರು.

ಪಿಳ್ಳಮ್ಮ ಕಟ್ಟೆಯ ಮೇಲೆ ಕೂತು ಅತ್ತಳು. ಪಕ್ಕದಲ್ಲಿದ್ದ ಹಾಲು ಚಳಿಗಾಳಿಗೆ ಆರಿತು. ಎಲ್ಲರೂ ಹೋದ ಮೇಲೆ ರೆಡ್ಡಿಗೆ ಏನನ್ನಿಸಿತೋ, ಅದೇ ಹಾಲಿಗೆ ನನ್ನನ್ನು ಇಳಿಬಿಟ್ಟ. ಇಪ್ಪತ್ತೆಂಟು! ಒರೆಸಿ ಮತ್ತೊಮ್ಮೆ ನೋಡಿದ. ಮತ್ತೆ ಅದೇ.

“ತಪ್ಪಾಯ್ತಕ್ಕ. ಬಿಸಿ ಹಾಲಿಗೆ ಇದು ಸರಿಹೋಗಲ್ಲ ಅಂತ ಕಾಣ್ತದೆ. ಹೆಸರು ಮತ್ತೆ ಬರ್ಕೊಂತೀನಿ.”

ಅವಳು ಪಾತ್ರೆ ಎತ್ತಿಕೊಂಡಳು. “ಪುಸ್ತಕದಾಗೆ ಬರ್ಕೊಂತೀಯ. ಊರೋರ ಬಾಯಾಗೆ ಕಳ್ಳಿ ಆದ್ನಲ್ಲ, ಅದನ್ನ ಎಂಗೆ ಅಳಿಸ್ತೀಯಪ್ಪ?”

ಅವಳು ಮತ್ತೆ ಡೇರಿಯ ಮೆಟ್ಟಿಲು ಹತ್ತಲಿಲ್ಲ.

ಈಗ ಯಂತ್ರ ಬಂದಿದೆ. ನಾನು ಮೇಜಿನ ಖಾನೆಯಲ್ಲಿ ಹಳೆಯ ಬಟ್ಟೆ ಸುತ್ತಿಕೊಂಡು ಮಲಗಿದ್ದೇನೆ. ಮೈಯಲ್ಲಿ ಒಂದು ಬಿರುಕೂ ಇಲ್ಲ. ಗಾಜಾಗಿ ಹುಟ್ಟಿಯೂ ಆ ಬೆಳಿಗ್ಗೆ ಅವಳ ಹಾಲಿಗೆ ಇಳಿಯುವ ಮುಂಚೆ ಒಡೆದುಹೋಗಲಿಲ್ಲವಲ್ಲ ಎಂಬುದೊಂದೇ ನನ್ನ ಸಂಕಟ.