ಬೋರ್ಡಿನ ಮೇಲಿನ ಪ್ರಯೋಗ

ನಿಂಗರಾಜು ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಗುಂಡಿಗೆ ಇಳಿದೇಬಿಟ್ಟರು. ಮರಿಸ್ವಾಮಿಯ ಕೈಯಿಂದ ಗುದ್ದಲಿ ಕಸಿದುಕೊಂಡರು.

"ಬುಡಿ ಸಾ, ನಿಮ್ಗ್ಯಾಕೆ ಈ ಕೆಲ್ಸ? ನಾವಿಲ್ವಾ?" ಎಂದ ಮರಿಸ್ವಾಮಿ. ಸತ್ತ ಮುದ್ದಯ್ಯನ ತಮ್ಮ ಅವನು.

"ಇರ್ಲಿ ಕಣಪ್ಪ."

ಹತ್ತು ಏಟು ಹಾಕುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಮೇಲೆ ನಿಂತಿದ್ದ ಮುದುಕ ಜವರಯ್ಯ ಬೀಡಿ ಆರಿಸಿದ. "ನಲ್ವತ್ತು ಮನೆಗೆ ಗೋಬರ್ ಗ್ಯಾಸ್ ಗುಂಡಿ ತೋಡ್ದೋನು ಕಣ್ಲಾ. ಅವನಿಗೆ ಒಂದು ಗುಂಡಿ ತೋಡಕ್ಕೆ ನಾವು ಬೆಳಗಿಂದ ಒದ್ದಾಡ್ತಾ ಇದೀವಿ."

ಮುದ್ದಯ್ಯ ಗಾರೆ ಕೆಲಸದವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದ. ಕಿಕ್ಕೇರಿ ಕಡೆಯ ಹಳ್ಳಿಗಳಲ್ಲಿ ಸಗಣಿ ಗ್ಯಾಸಿನಿಂದ ಉರಿಯುವ ಒಲೆಗಳೆಲ್ಲ ಹೆಚ್ಚುಕಡಿಮೆ ಅವನ ಕೈಯವೇ. ನಿನ್ನೆ ಇಟ್ಟಿಗೆ ಕಟ್ಟುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ.

*

ಐದು ವಾರದ ಹಿಂದಿನ ಮಾತು. ತೊಂಬತ್ತೆಂಟರ ಮೇ ತಿಂಗಳು, ರಾಜಸ್ಥಾನದ ಮರಳುಗಾಡಿನಲ್ಲಿ ಅಣುಬಾಂಬಿನ ಪರೀಕ್ಷೆಯಾದ ಮಾರನೆಯ ದಿನ. ಹೊಸಕೊಪ್ಪಲಿನ ಹೋಟೆಲಿನಲ್ಲಿ, ಊರ ಹೈಸ್ಕೂಲಿಗೆ ವಿಜ್ಞಾನ ಹೇಳುವ ನಿಂಗರಾಜು ಮೇಷ್ಟ್ರು ಎಲ್ಲರಿಗೂ ಮೈಸೂರುಪಾಕು ಹಂಚಿದ್ದರು.

"ಇನ್ಮೇಲೆ ಪ್ರಪಂಚ ನಮಗೆ ಎದ್ದು ನಿಂತು ಮರ್ಯಾದೆ ಕೊಡುತ್ತೆ. ವಿಜ್ಞಾನ ಅಂದ್ರೆ ಇದು!"

ಮುದ್ದಯ್ಯ ಟೀ ಲೋಟ ಹಿಡಿದೇ ಕೇಳಿದ. "ಅದು ಸರಿ ಸಾ. ಅಷ್ಟು ಸಕ್ತಿ ಉಟ್ಸೋ ದೇಸ, ನಮ್ಮೂರ್ಗೆ ಮೂರು ಗಂಟೆ ಮೇಲೆ ಕರೆಂಟು ಕೊಡಕ್ಕಾಗಲ್ವಲ್ಲ, ಯಾಕೆ?"

"ಎಲ್ಲಾ ಒಂದೇ ದಿನಕ್ಕೆ ಆಗುತ್ತೇನಯ್ಯ? ಮೊದ್ಲು ದೇಶ ಗಟ್ಟಿಯಾಗ್ಬೇಕು."

"ಐವತ್ತು ವರ್ಸ ಆಯ್ತಲ್ಲ ಸಾ. ನಮ್ ಮಗಳು ಪ್ರಮೀಳ ಒಂಬತ್ತನೇ ಕ್ಲಾಸು ಮುಗ್ಸುದ್ಲು. ಒಂದು ಪ್ರಯೋಗಾನೂ ಕಣ್ಣಲ್ಲಿ ಕಂಡಿಲ್ವಂತೆ. ಎಲ್ಲಾ ಬೋರ್ಡ್ ಮೇಲೇ ಮಾಡ್ತೀರಂತೆ."

ಮಾತು ನಿಜ. ಅದಕ್ಕೇ ಮೇಷ್ಟ್ರಿಗೆ ರೇಗಿತು.

"ಸಗಣಿ ಕಲಸೋ ನಿನಗೆ ವಿಜ್ಞಾನ ಏನ್ ಗೊತ್ತಯ್ಯ?"

ಎಲ್ಲರೂ ನಕ್ಕರು. ಮುದ್ದಯ್ಯನೂ ನಗಲು ನೋಡಿದ, ಆಗಲಿಲ್ಲ. ಅರ್ಧ ಟೀ ಬಿಟ್ಟು ಎದ್ದುಹೋದ. ಆಮೇಲೆ ಆ ಹೋಟೆಲಿಗೆ ಬರಲಿಲ್ಲ. ಅವನ ಮನೆ ಮುಂದೆ ಮೇಷ್ಟ್ರು ಸೈಕಲ್ ನಿಧಾನ ಮಾಡಿದ್ದು ಎಷ್ಟು ಸಲವೋ. ಇಳಿದದ್ದು ಒಂದು ಸಲವೂ ಇಲ್ಲ.

*

ಮಣ್ಣು ಹಾಕಿದ್ದಾಯಿತು. ಜನ ಕಾಲುವೆಯಲ್ಲಿ ಕೈಕಾಲು ತೊಳೆದು ಚದುರಿದರು. ಮುದ್ದಯ್ಯನ ಹೆಂಡತಿ ಕುಳ್ಳಮ್ಮ ಜಗಲಿಯ ಮೇಲೆ ಕೂತಿದ್ದಳು. ಮೇಷ್ಟ್ರು ಅವಳೆದುರು ನಿಂತು ತಡವರಿಸಿದರು.

"ನನ್ನ ಮೇಲೆ ಅವನಿಗೆ ಬೇಜಾರಿತ್ತಾ ಕುಳ್ಳಮ್ಮ?"

"ಇತ್ತು ಸಾ. ಸುಳ್ಯಾಕೆ ಏಳ್ಳಿ? ಎರಡು ದಿನ ಸರ್ಯಾಗಿ ಉಣ್ಲಿಲ್ಲ. ಆಮೇಕೆ ಅವ್ರೇ ಅಂದ್ರು, ಮೇಷ್ಟ್ರು ತಾನೆ ಏನ್ ಮಾಡಾರು, ಅವ್ರಿಗೆ ಸಾಮಾನು ಕೊಟ್ಟೋರ್ಯಾರು ಅಂತ. ಇಸ್ಕೂಲ್ ಇಂದ್ಗಡೆ ಒಂದು ಗ್ಯಾಸ್ ಗುಂಡಿ ಕಟ್ಕೊಡ್ತೀನಿ, ಮಕ್ಳ ಪ್ರಯೋಗಕ್ಕೆ ಬೆಂಕಿ ಆಯ್ತದೆ ಅಂತ ಓದ ಬಾನ್ವಾರ ಓಗಿ ಅಳತೆ ಆಕಿ ಬಂದ್ರು. ನಿಮ್ಮುನ್ನ ಒಂದ್ಮಾತು ಕೇಳ್ಬೇಕು ಅಂತಿದ್ರು."

"ಬಂದು ಕೇಳ್ಬಾರ್ದಿತ್ತಾ?"

"ನಾಚ್ಕೆ ಸಾ. ಇವತ್ತೋಯ್ತೀನಿ, ನಾಳೆ ಓಯ್ತೀನಿ ಅಂತಾನೇ ಇದ್ರು."

ಮೇಷ್ಟ್ರು ಮನೆಗೆ ಹೋಗಲಿಲ್ಲ. ಸ್ಕೂಲಿನ ಹಿಂದಕ್ಕೆ ನಡೆದರು. ಹನ್ನೊಂದು ವರ್ಷದಿಂದ ಅಲ್ಲೇ ಪಾಠ ಹೇಳುತ್ತಿದ್ದರೂ ಆ ಹಿತ್ತಲಿನ ಕಡೆ ಅವರು ತಲೆ ಹಾಕಿದ್ದು ಕಡಿಮೆ. ಹುಣಸೆಮರದಾಚೆ ನೆಲವನ್ನು ಚೊಕ್ಕವಾಗಿ ಕೆರೆದಿತ್ತು. ನಡುವೆ ಒಂದು ಗೂಟ, ಸುತ್ತ ಸುಣ್ಣದ ಪುಡಿಯಲ್ಲಿ ಎಳೆದ ದುಂಡನೆಯ ಗೆರೆ. ಮಳೆಗೆ ಅರ್ಧ ಅಳಿಸಿಹೋಗಿತ್ತು. ಮೇಷ್ಟ್ರು ಚಪ್ಪಲಿ ಕಳಚಿ, ಗೆರೆ ತುಳಿಯದ ಹಾಗೆ, ಹೊರಗೇ ನಿಂತರು.