ಮಡಚುಗೋಡೆಯ ಆಚೆ

"ನೋಡಮ್ಮ, ವಾಸ್ತವ ಏನಂದ್ರೆ..." ಎಂದು ಬ್ರಂಡೇಜ್ ಪೆನ್ನಿನ ಗುಂಡಿಯನ್ನು ಮೂರನೆಯ ಸಲ ಟಕ್ ಎನ್ನಿಸಿದರು.

ಶಾಲೆಯ ಸಲಹೆಗಾರರಾದ ಅವರ ವಾಸ್ತವಗಳೆಲ್ಲ ಟಕ್ ಎಂದೇ ಶುರುವಾಗುತ್ತಿದ್ದವು. ಎದುರಿಗೆ ಕೂತ ಟಿಲ್ಡಾ ಕೋಸ್ಕೆಲಾ ಮೇಜಿನ ಮೇಲಿದ್ದ ಹಾಳೆಯನ್ನೇ ನೋಡುತ್ತಿದ್ದಳು. ಹನ್ನೆರಡನೆಯ ತರಗತಿಗೆ ಯಾವ ಗಣಿತ? ಅವಳು ಬರೆದಿದ್ದ 'ಕ್ಯಾಲ್ಕುಲಸ್' ಮೇಲೆ ಬ್ರಂಡೇಜ್ ನಯವಾಗಿ ಒಂದು ಗೆರೆ ಎಳೆದಿದ್ದರು.

"ನೀನೀಗ ಓದ್ತಿರೋದು ಎರಡನೇ ಆಲ್ಜೀಬ್ರಾ. ಅದಾದ್ಮೇಲೆ ಪ್ರೀ-ಕ್ಯಾಲ್ಕುಲಸ್. ಅದಾದ್ಮೇಲೇ ಕ್ಯಾಲ್ಕುಲಸ್. ಮೆಟ್ಟಿಲು ಹಾರೋಕಾಗಲ್ಲ. ಸ್ಟ್ಯಾಟಿಸ್ಟಿಕ್ಸ್ ತಗೋ. ಆರಾಮಾಗಿ ಎ ಗ್ರೇಡ್ ಬರುತ್ತೆ."

"ನಾನು ಅರ್ಜಿ ಹಾಕೋ ಎಂಜಿನಿಯರಿಂಗ್ ಕಾಲೇಜಿನವರು ಕ್ಯಾಲ್ಕುಲಸ್ ಇಲ್ದೇ ಇದ್ರೆ ಕಾಗದಾನೇ ಬಿಚ್ಚಲ್ವಂತೆ, ಸರ್."

"ಅಲ್ಲಿ ನೂರು ಜನ ಕೇಳಿದ್ರೆ ಎಂಟು ಜನಕ್ಕೆ ಸೀಟು. ಬೇರೆ ಒಳ್ಳೇ ಕಾಲೇಜುಗಳೂ ಇವೆಯಮ್ಮ." ಟಕ್. "ಸೋಮವಾರದೊಳಗೆ ಹಾಳೆ ಕೊಡು."

ಟಿಲ್ಡಾಗೆ ಮೆಟ್ಟಿಲು ತಪ್ಪಿಹೋದದ್ದು ಆರನೆಯ ತರಗತಿಯಲ್ಲಿ. ಯಾರು ವೇಗದ ಗಣಿತಕ್ಕೆ, ಯಾರು ಸಾಮಾನ್ಯ ಗಣಿತಕ್ಕೆ ಎಂದು ವಿಂಗಡಿಸುವ ಪರೀಕ್ಷೆ ಮಾರ್ಚ್ ತಿಂಗಳ ಒಂದು ಶುಕ್ರವಾರ ಬಿದ್ದಿತ್ತು. ಅದೇ ದಿನ ದೂರದ ರಾಜಧಾನಿ ಸೇಂಟ್ ಪಾಲ್‌ನಲ್ಲಿ ರಾಜ್ಯಮಟ್ಟದ ಐಸ್ ಹಾಕಿ ಪಂದ್ಯ. ಹಿಮದ ಮೇಲೆ ಊರಿನ ಹುಡುಗರು ಆಡುವಾಗ ಊರಿನಲ್ಲಿ ಉಳಿಯುವುದೆಂದರೆ ಈ ಗಣಿಸೀಮೆಯಲ್ಲಿ ಕಾಯಿಲೆಯವರ ಕೆಲಸ. ಅಪ್ಪ ಆರ್ವೋ ಮಗಳನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟ. ಪರೀಕ್ಷೆ ಇನ್ನೊಂದು ದಿನ ಇಡುತ್ತಾರೆ, ಅದಕ್ಕೇನಂತೆ ಎಂದುಕೊಂಡಿದ್ದ. ಇಡಲಿಲ್ಲ. ಅವಳ ಹೆಸರಿನ ಮುಂದೆ 'ಗೈರು' ಎಂದು ಬಿತ್ತು. ಗೈರಾದದ್ದು ಒಂದು ದಿನ, ಹಿಂದೆ ಬಿದ್ದದ್ದು ಐದು ವರ್ಷ.

ಆ ಮಧ್ಯಾಹ್ನ ಊಟದ ಕೋಣೆಯಲ್ಲಿ ಟಿಲ್ಡಾ ಗೆಳತಿಯರ ಮುಂದೆ ಬ್ರಂಡೇಜರ ಅಣಕು ಶುರುಮಾಡಿದಳು. ಗಲ್ಲ ಒಳಗೆಳೆದುಕೊಂಡು, ಚಮಚವನ್ನೇ ಪೆನ್ನು ಮಾಡಿಕೊಂಡು, "ನೋಡಮ್ಮ, ವಾಸ್ತವ ಏನಂದ್ರೆ, ಇದು ಆಲೂಗಡ್ಡೆ. ಹಿಂದಿನ ವರ್ಷ ಬಟಾಣಿ ತಿನ್ನದೇ ಇದ್ದೋರು ಆಲೂಗಡ್ಡೆ ಮುಟ್ಟೋ ಹಾಗಿಲ್ಲ!"

ಜೋಸಿ ಕುಡಿಯುತ್ತಿದ್ದ ಹಾಲು ಮೂಗಿಗೇರಿತು. "ಇನ್ನೊಬ್ರದ್ದು ಮಾಡೇ! ಗಣಿತದ ವುಕೆಲಿಚ್ ಮೇಡಂದು!"

ಟಿಲ್ಡಾ ಕನ್ನಡಕವಿಲ್ಲದ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡಳು. "ಮಕ್ಕಳೇ, ಹೆದರಬೇಡಿ, ಇದು ಕಚ್ಚಲ್ಲ! ಈಗ ಹೇಳಿ, ಈ ಎಕ್ಸ್ ಅನ್ನೋ ಪುಣ್ಯಾತ್ಮ ಎಲ್ಲಿಗೆ ಹೊರಟಿದ್ದಾನೆ? ಅನಂತಕ್ಕೆ! ಟಿಕೆಟ್ ಇದೆಯಾ? ಇಲ್ಲ! ಆದ್ರೂ ಹೊರಟಿದ್ದಾನೆ! ಸರಿ, ನಮ್ಮೂರಿನ ಕತೆ ತಗೊಳ್ಳಿ. ತಟ್ಟೇಲಿ ಕೊನೇ ತುಂಡು ಪೊಟೀಟ್ಸಾ ಇದೆ, ಅದೇ ಹಬ್ಬದ ಅಕ್ರೋಟಿನ ಸಿಹಿ ರೊಟ್ಟಿ. ಅದನ್ನ ಪೂರ್ತಿ ತಗೊಳ್ಳೋ ಧೈರ್ಯ ನಮ್ಮಲ್ಲಿ ಯಾರಿಗಿದೆ? ಮೊದಲ್ನೇ ಅತ್ತೆ ಅರ್ಧ ಕತ್ತರಿಸ್ತಾಳೆ. ಎರಡನೇ ಅತ್ತೆ ಉಳಿದಿದ್ರಲ್ಲಿ ಅರ್ಧ. ಮೂರನೇ ಅತ್ತೆ 'ಅಯ್ಯೋ ನಂಗೆ ಬೇಡಪ್ಪ' ಅಂತ ಅದ್ರಲ್ಲಿ ಅರ್ಧ. ಅತ್ತೆಯರು ಮುಗಿಯಲ್ಲ, ತುಂಡೂ ಮುಗಿಯಲ್ಲ. ಆದ್ರೆ ಎಲ್ಲಾ ಅತ್ತೆಯರೂ ತಿಂದಿದ್ದು ಒಟ್ಟು ಸೇರಿಸಿದ್ರೆ ಎಷ್ಟರ ಹತ್ರ ಹೋಗುತ್ತೆ?"

ಯಾರೂ ನಗಲಿಲ್ಲ. ಜೋಸಿಯ ಕಣ್ಣು ಟಿಲ್ಡಾಳ ಹೆಗಲಿನಾಚೆ ನೆಟ್ಟಿತ್ತು.

"ಒಂದೇ ಒಂದು ತುಂಡಿನ ಹತ್ರ," ಎಂದಿತು ಹಿಂದಿನಿಂದ ಅಸಲಿ ದನಿ. ವುಕೆಲಿಚ್ ಊಟದ ತಟ್ಟೆ ಹಿಡಿದು ನಿಂತಿದ್ದರು.

"ಸಾರಿ ಮೇಡಂ, ನಾನು ಸುಮ್ನೆ..."

"ನೀನು ನನ್ನ ಕ್ಲಾಸಿನವಳಲ್ಲ."

"ನಾಲ್ಕನೇ ಪೀರಿಯಡ್ ನಂಗೆ ಸ್ವಂತ ಓದು, ಮೇಡಂ. ನಿಮ್ಮ ಪ್ರೀ-ಕ್ಯಾಲ್ಕುಲಸ್ ಪಕ್ಕದ ಕೋಣೇಲಿ. ಮಧ್ಯ ಆ ಮಡಚುಗೋಡೆ ಇದ್ಯಲ್ಲ, ಅದು ಪೂರ್ತಿ ಮುಚ್ಚಲ್ಲ. ನೀವು ಸ್ವಲ್ಪ... ಜೋರಾಗಿ ಮಾತಾಡ್ತೀರಿ."

"ಎಷ್ಟು ದಿನದಿಂದ?"

"ಸೆಪ್ಟೆಂಬರ್‌ನಿಂದ. ನೀವು ಹೇಳೋ ಮನೆಗೆಲಸಾನೂ ಮಾಡ್ತೀನಿ."

ವುಕೆಲಿಚ್ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಆ ಪೊಟೀಟ್ಸಾ ಕತೆ ನಾನ್ಯಾವತ್ತೂ ಹೇಳಿಲ್ವಲ್ಲ?"

"ನೀವು ಹೇಳಿದ್ದು ಅರ್ಥ ಆಗ್ಲಿಲ್ಲ ಮೇಡಂ. ಅದಕ್ಕೆ ಅತ್ತೆಯರನ್ನ ನಾನೇ ಸೇರಿಸ್ಕೊಂಡೆ."

ವುಕೆಲಿಚ್ ಕುರ್ಚಿ ಎಳೆದು ಅವಳ ಎದುರು ಕೂತರು. "ಪ್ರೀ-ಕ್ಯಾಲ್ಕುಲಸ್ ಇಡೀ ವರ್ಷದ ಪರೀಕ್ಷೆ ಒಂದೇ ಸಲಕ್ಕೆ ಕೂತು ಬರೀತೀಯಾ? ನಿಯಮದಲ್ಲಿ ಅವಕಾಶ ಇದೆ, ಯಾರೂ ಕೇಳಲ್ಲ ಅಷ್ಟೆ. ನಾನಿನ್ನೂ ಪಾಠ ಮಾಡದೇ ಇರೋ ಮೂರು ಅಧ್ಯಾಯ ನೀನೇ ಓದ್ಕೋಬೇಕು. ನೂರಕ್ಕೆ ಎಂಬತ್ತೈದು ಬಂದ್ರೆ ಕ್ಯಾಲ್ಕುಲಸ್‌ಗೆ ಸಹಿ ಹಾಕ್ತೀನಿ. ಎಂಬತ್ನಾಲ್ಕು ಬಂದ್ರೆ ಹಾಕಲ್ಲ. ಸೋಮವಾರದೊಳಗೆ ನಂಗೆ ಬಿಡುವಿರೋದು ಶುಕ್ರವಾರ ಒಂದೇ."

ಶುಕ್ರವಾರ ಶಾಲೆಗೆ ರಜೆ. ಐದು ವರ್ಷದ ನಂತರ ಊರಿನ ಹಾಕಿ ತಂಡ ಮತ್ತೆ ಸೆಮಿಫೈನಲ್ ತಲುಪಿತ್ತು.

ಆ ಸಂಜೆ ಸುದ್ದಿ ಕೇಳಿದ ಆರ್ವೋ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಎರಡು ಟಿಕೆಟ್‌ಗಳನ್ನೇ ನೋಡುತ್ತ ನಿಂತ. ಮಾತು ಕಡಿಮೆಯ ಮನುಷ್ಯ. ಗಣಿಯಲ್ಲಿ ಮನೆಗಾತ್ರದ ಟ್ರಕ್ಕು ಓಡಿಸಿ ಓಡಿಸಿ ಮನೆಯಲ್ಲಿ ಸದ್ದು ಮಾಡುವುದನ್ನೇ ಮರೆತಿದ್ದ.

"ನೀನು ಹೋಗಿ ಬಾ ಅಪ್ಪ. ಜೋಸಿ ನನ್ನ ಪರೀಕ್ಷೆಗೆ ಕರ್ಕೊಂಡು ಹೋಗ್ತಾಳೆ."

ಅವನು ಟಿಕೆಟ್ ಕಿತ್ತುಕೊಂಡು ಕೋಟು ಕೂಡ ತೊಡದೆ ಹಿಮದಲ್ಲಿ ಪಕ್ಕದ ಮನೆಗೆ ಹೋಗಿ ಬರಿಗೈಯಲ್ಲಿ ಬಂದ. "ನಮ್ಮ ಟೀಮು ನಾನಿಲ್ದೇ ಇದ್ರೂ ಸೋಲುತ್ತೆ ಬಿಡು. ಎಷ್ಟು ಗಂಟೆಗೆ?"

"ಹನ್ನೊಂದಕ್ಕೆ."

"ಹತ್ತಕ್ಕೇ ಹೋಗೋಣ. ಈ ಸಲ ಗೈರಾಗೋದು ಬೇಡ, ಟಿಲ್ಲಿ."

ಖಾಲಿ ಶಾಲೆಯಲ್ಲಿ ಬಿಸಿಗಾಳಿಯ ಕೊಳವೆಗಳು ಮಾತ್ರ ಗೊಣಗುತ್ತಿದ್ದವು. ಆರ್ವೋ ಹೊರಗೆ, ಗುಡಿಸುವವರ ಕುರ್ಚಿಯಲ್ಲಿ, ಮಡಿಲಲ್ಲಿ ಪುಟ್ಟ ರೇಡಿಯೊ ಇಟ್ಟುಕೊಂಡು ಕೂತ. ಒಳಗೆ ಮೂವತ್ತು ಪ್ರಶ್ನೆ, ಮೂರು ಗಂಟೆ. ಮೊದಲ ಇಪ್ಪತ್ತು ಪ್ರಶ್ನೆಗಳು ಹಳೆಯ ಪರಿಚಯದವರಂತೆ ಬಂದು ಹೋದವು. ಇಪ್ಪತ್ತೊಂದನೆಯದರಲ್ಲಿ ತ್ರಿಕೋನವೊಂದು ಅವಳ ಕಡೆ ಬೆನ್ನು ತಿರುಗಿಸಿ ಕೂತಿತು. ಹತ್ತು ನಿಮಿಷ ಪೆನ್ಸಿಲ್ ಅಲುಗಲಿಲ್ಲ. ಆಮೇಲೆ ಅವಳ ಕೈ ತಾನಾಗಿ ಮೂಗಿನ ಹತ್ತಿರ ಹೋಗಿ, ಇಲ್ಲದ ಕನ್ನಡಕವನ್ನು ಏರಿಸಿತು.

"ಹೆದರಬೇಡಿ, ಇದು ಕಚ್ಚಲ್ಲ," ಎಂದು ಅವಳು ಪಿಸುಗುಟ್ಟಿದಳು. "ಈ ಪುಣ್ಯಾತ್ಮ ಎಲ್ಲಿಗೆ ಹೊರಟಿದ್ದಾನೆ?"

ಮುಂದಿನ ಮೇಜಿನ ಬಳಿ ಕೂತಿದ್ದ ವುಕೆಲಿಚ್ ತಲೆ ಎತ್ತಲಿಲ್ಲ. ಅವರ ಭುಜ ಮಾತ್ರ ಸ್ವಲ್ಪ ಕುಲುಕಿತು.

ಅವರು ಅಲ್ಲೇ ಕೂತು ಕೆಂಪು ಪೆನ್ನಿನಿಂದ ತಿದ್ದಿದರು. ಒಂದು ಅಡ್ಡಗೆರೆ. ಎರಡು. ಟಿಲ್ಡಾ ಎಣಿಸುವುದನ್ನು ಬಿಟ್ಟು ಕಿಟಕಿಯಾಚೆ ನೋಡಿದಳು. ಕೊನೆಗೆ ಅವರು ಹಾಳೆಯ ತಲೆಯಲ್ಲಿ ಏನೋ ಬರೆದು, ತಿರುಗಿಸಿ, ಅವಳ ಮುಂದೆ ತಳ್ಳಿದರು.

ಅವಳು ಹೊರಗೆ ಓಡಿದಾಗ ರೇಡಿಯೊದಲ್ಲಿ ವರದಿಗಾರ ಗಂಟಲು ಹರಿದುಕೊಳ್ಳುತ್ತಿದ್ದ. ಎರಡೆರಡರ ಸಮ, ಹೆಚ್ಚುವರಿ ಆಟ, ಊರಿನ ಹುಡುಗನೊಬ್ಬ ಆಟದ ಬಿಲ್ಲೆಯನ್ನು ಕೋಲಿನಿಂದ ತಳ್ಳಿಕೊಂಡು ಗೋಲಿನತ್ತ ನುಗ್ಗುತ್ತಿದ್ದಾನೆ... ಆರ್ವೋ ಮಗಳ ಮುಖ ನೋಡಿ ರೇಡಿಯೊ ಆರಿಸಿಬಿಟ್ಟ.

"ಎಷ್ಟು?"

"ತೊಂಬತ್ಮೂರು!"

ಖಾಲಿ ಕಾರಿಡಾರಿನಲ್ಲಿ ಆರ್ವೋ ಹಾಕಿದ ಕೂಗು ಸೇಂಟ್ ಪಾಲ್‌ಗೂ ಕೇಳಿಸಿರಬೇಕು. ತಂಡ ಗೆದ್ದಿತೋ ಸೋತಿತೋ ಅವರಿಗೆ ಗೊತ್ತಾದದ್ದು ಮನೆಗೆ ಹೋದ ಮೇಲೆ, ಪಕ್ಕದ ಮನೆಯವರ ಟ್ರಕ್ಕು ಊರೆಲ್ಲ ಹಾರನ್ ಹೊಡೆಯುತ್ತ ಬಂದಾಗ.

ಸೋಮವಾರ ಬ್ರಂಡೇಜ್ ಹಾಳೆಯನ್ನು ಎರಡು ಸಲ ಓದಿದರು. "ವಾಸ್ತವ ಏನಂದ್ರೆ..." ಎಂದರು. ಟಕ್ ಎನ್ನಿಸಿ ಸಹಿ ಹಾಕಿದರು. ಆಮೇಲೆ ನಕ್ಕು ಕೈ ಚಾಚಿದರು.

ಸೆಪ್ಟೆಂಬರ್‌ನಲ್ಲಿ ಕ್ಯಾಲ್ಕುಲಸ್ ತರಗತಿ ವುಕೆಲಿಚ್ ಪ್ರೀ-ಕ್ಯಾಲ್ಕುಲಸ್ ಹೇಳುತ್ತಿದ್ದ ಅದೇ ಕೋಣೆಯಲ್ಲಿ, ನಾಲ್ಕನೆಯ ಪೀರಿಯಡ್‌ನಲ್ಲೇ ಶುರುವಾಯಿತು. ಎರಡನೆಯ ವಾರ ವುಕೆಲಿಚ್ ಒಂದು ಲೆಕ್ಕ ಬಿಡಿಸಲು ಟಿಲ್ಡಾಳನ್ನು ಕರೆದರು. ಮುಂದೆ ದೊಡ್ಡ ಹಲಗೆ ಖಾಲಿಯಿತ್ತು. ಅವಳು ಅದನ್ನು ದಾಟಿ, ಕೋಣೆಯ ಮೂಲೆಗೆ, ಮಡಚುಗೋಡೆ ಪೂರ್ತಿ ಮುಚ್ಚದ ಜಾಗದಲ್ಲಿದ್ದ ಸಣ್ಣ ಹಲಗೆಯ ಹತ್ತಿರ ಹೋದಳು.

"ಅಲ್ಯಾಕೆ ಹೋದೆ?" ಎಂದ ಹಿಂದಿನ ಬೆಂಚಿನ ಹುಡುಗ.

ಅವಳು ಸೀಮೆಸುಣ್ಣ ತೆಗೆದುಕೊಂಡು, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ, ಪ್ರತಿ ಸಾಲನ್ನೂ ಬಿಡಿಸಿ ಬಿಡಿಸಿ ಹೇಳತೊಡಗಿದಳು. ನಾಲ್ಕನೆಯ ಸಾಲಿಗೆ ಬಂದಾಗ ಗೋಡೆಯಾಚೆ ಯಾರೋ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು.